ಮದುವೆಯ ಆಧಾರದ ವೀಸಾ ವಿಸ್ತರಣೆ: ದೀಪಾವಳಿ ಪಾಡ್ಯದಿಂದ ನಮ್ಮ ಕೆಲಸದ ಪದ್ಧತಿ ಬದಲಾಗುತ್ತಿದೆ

ಟಿಳಕವಾಡಿ, ಬೆಳಗಾವಿ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಹೊರದೇಶದ ಸೊಸೆ ಅಥವಾ ಅಳಿಯ ಇರುವ ಮನೆಗಳಿಗಾಗಿ ಈ ಪತ್ರ ಬರೆಯುತ್ತಿದ್ದೇವೆ. ಪ್ಯಾನ್ ಕಾರ್ಡು, ಬಾಡಿಗೆ ಕರಾರು, ಪಾಸ್‌ಪೋರ್ಟ್ ಅರ್ಜಿ ಎಂದು ಬರುವವರಿಗೆ ಏನೂ ಬದಲಾಗಿಲ್ಲ. ನೇಪಾಳ, ಭೂತಾನದ ಸೊಸೆಯಂದಿರು ಇರುವ ಮನೆಯವರೂ ಗಾಬರಿಯಾಗಬೇಕಿಲ್ಲ, ಆ ಎರಡು ದೇಶದವರಿಗೆ ಇಲ್ಲಿರಲು ವೀಸಾ ಬೇಕಿಲ್ಲ.

ಬರುವ ದೀಪಾವಳಿ ಪಾಡ್ಯದಂದು ಹೊಸ ಖಾತೆ ಕಿರ್ದಿಗೆ ಪೂಜೆ ಮಾಡುತ್ತೇವೆ. ಅಂದಿನಿಂದ, ಮದುವೆಯ ಆಧಾರದ ಮೇಲೆ ವೀಸಾ ಮುಂದುವರಿಸುವ ಯಾವ ಅರ್ಜಿಯನ್ನೂ ನಮ್ಮ ಕಚೇರಿಯ ಇಮೇಲ್, ನಮ್ಮ ಫೋನ್ ನಂಬರ್ ಕೊಟ್ಟು ಹಾಕುವುದಿಲ್ಲ. ಅರ್ಜಿ ಸರ್ಕಾರದ ಜಾಲತಾಣದಲ್ಲಿ ತೆರೆದ ನಿಮ್ಮದೇ ಖಾತೆಯಿಂದ, ನೀವು ಎದುರಿಗೆ ಕೂತಿರುವಾಗ ಹೋಗುತ್ತದೆ. ಅಸಲು ಪಾಸ್‌ಪೋರ್ಟ್ ಒಂದು ರಾತ್ರಿಯೂ ನಮ್ಮ ಕಪಾಟಿನಲ್ಲಿ ಇರುವುದಿಲ್ಲ. ವೀಸಾ ಮುಗಿಯಲು ಇನ್ನೂ ಮೂರು ತಿಂಗಳು ಇರುವಾಗಲೇ ಕಾಗದ ನೋಡಲು ಕೂಡುತ್ತೇವೆ.

ಯಾಕೆ ಎಂದು ಹೇಳುವುದು ನಮ್ಮ ಕರ್ತವ್ಯ. ತಪ್ಪು ನಮ್ಮಿಂದಲೇ ಆಗಿದೆ.

ಹೋದ ಮಳೆಗಾಲದಲ್ಲಿ ಚಿಕ್ಕೋಡಿ ಕಡೆಯ ಒಂದು ಒಕ್ಕಲುತನದ ಮನೆಯ ಹೊರದೇಶದ ಸೊಸೆಯ ಅರ್ಜಿಯನ್ನು, ಎಂದಿನ ಹಾಗೆ, ನಮ್ಮ ಇಮೇಲಿನಿಂದ ಹಾಕಿದ್ದೆವು. ವಾಸದ ಪುರಾವೆ ಸ್ಪಷ್ಟವಾಗಿಲ್ಲ, ಬೇರೆ ಕಳಿಸಿ ಎಂದು ಪ್ರಶ್ನೆ ಬಂತು. ಇಮೇಲ್ ನೋಡುವ ನಮ್ಮ ಹುಡುಗ ತಂಗಿಯ ಮದುವೆಯ ಅಕ್ಕಿಕಾಳಿಗೆ ರಜೆ ಹಾಕಿ ಊರಿಗೆ ಹೋಗಿದ್ದ. ಅವನ ಬದಲಿಗೆ ಮಾಲೀಕನಾದ ನಾನು ನೋಡಬೇಕಿತ್ತು, ನೋಡಲಿಲ್ಲ. ಹನ್ನೊಂದು ದಿನದ ಮೇಲೆ ತೆರೆದಾಗ ಅರ್ಜಿ ಮುಚ್ಚಿಹೋಗಿತ್ತು, ವೀಸಾಗೆ ಉಳಿದಿದ್ದು ನಾಲ್ಕು ದಿನ. ಹೊಸದಾಗಿ ಅರ್ಜಿ ಹಾಕಿದೆವು, ಶುಲ್ಕ ನಾವೇ ಭರಿಸಿದೆವು, ಕೊನೆಗೆ ವಿಸ್ತರಣೆಯೂ ಸಿಕ್ಕಿತು. ಆದರೆ ಅರ್ಜಿ ತೀರ್ಮಾನವಾಗದೆ ದೇಶ ಬಿಟ್ಟು ಹೋದರೆ ಮರಳಿ ಬರಲು ಹೊಸ ವೀಸಾ ಬೇಕಾಗುತ್ತಿತ್ತು. ಹೀಗಾಗಿ ಆ ಹೆಣ್ಣುಮಗಳು ತವರಿಗೆ ಹೋಗದೆ ತನ್ನ ತಮ್ಮನ ಮದುವೆಯನ್ನು ಫೋನಿನಲ್ಲಿ ನೋಡಿದಳು. ಅವರ ಅತ್ತೆ ನಮ್ಮ ಕಚೇರಿಗೆ ಬಂದು ಬೈಯಲಿಲ್ಲ. "ನಿಮಗ ಬಂದ ಪತ್ರ ನಮಗ ಬಂದಿದ್ರ, ಅವತ್ತ ಓದತಿದ್ವಿ ನೋಡ್ರಿ" ಎಂದಷ್ಟೇ ಅಂದರು. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಪದ್ಧತಿ ಬದಲಿಸಬೇಕು ಎಂದು ನಾವು ನಿಶ್ಚಯಿಸಿದ್ದು ಆ ದಿನ.

ನಮ್ಮ ಇಮೇಲ್ ಬಳಸುವ ರೂಢಿ ಬಂದಿದ್ದು ಹೇಗೆ ಎಂಬುದನ್ನೂ ಹೇಳಬೇಕು. 2018ಕ್ಕೆ ಮೊದಲು ಇದೇ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ರಾತ್ರಿಯಿಡೀ ಪ್ರಯಾಣ ಮಾಡಿ, ಬೆಂಗಳೂರಿನ ಎಫ್‌ಆರ್‌ಆರ್‌ಒ (ವಿದೇಶಿಯರ ಪ್ರಾದೇಶಿಕ ನೋಂದಣಿ ಅಧಿಕಾರಿ) ಕಚೇರಿಯ ಮುಂದೆ ನಿಲ್ಲುತ್ತಿದ್ದ ಕಾಲ ಇತ್ತು. ಒಂದು ಕಾಗದ ಕಡಿಮೆಯಾದರೆ ಮತ್ತೆ ರೈಲು. ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಮನೆಯಿಂದಲೇ ಅರ್ಜಿ ಹಾಕುವುದಾಯಿತು, ಶುಲ್ಕವೂ ಆನ್‌ಲೈನ್. ಹಳ್ಳಿಯ ಹಿರಿಯರು "ನಮಗ ಇಮೇಲ್ ಗೊತ್ತಿಲ್ರಿ, ನಿಮ್ದ ಹಾಕ್ರಿ" ಎಂದರು, ನಾವೂ ಸಲೀಸೆಂದು ಹಾಕಿದೆವು. ಉಪಕಾರ ಎಂದುಕೊಂಡೇ ಮಾಡಿದೆವು, ಅದು ನಿಮ್ಮನ್ನು ನಿಮ್ಮ ಅರ್ಜಿಯಿಂದಲೇ ದೂರ ಇಟ್ಟಿತು. ಪ್ರಶ್ನೆ, ಉತ್ತರ, ಮಂಜೂರಾತಿ ಎಲ್ಲ ಬರುವುದು ಆ ಇಮೇಲಿಗೆ ಮತ್ತು ಆ ಖಾತೆಗೆ. ಇಂದು ಪ್ರತಿ ಮನೆಯಲ್ಲಿ ಯಾರಾದರೊಬ್ಬರ ಕೈಯಲ್ಲಿ ಫೋನ್ ಇದೆ. ಖಾತೆ ತೆರೆಯುವುದು, ಒಟಿಪಿ ಹಾಕುವುದು, ಪಾಸ್‌ವರ್ಡ್ ಬರೆದಿಟ್ಟುಕೊಳ್ಳುವುದು, ಇಷ್ಟನ್ನೂ ಕೂತು ಕಲಿಸುತ್ತೇವೆ. ಆ ಪಾಸ್‌ವರ್ಡ್ ನಮಗೆ ಹೇಳಬೇಡಿ.

ಇನ್ನೊಂದು ಮಾತು, ನಮಗೆ ಹೊಟ್ಟೆಪಾಡಿನ ಪ್ರಶ್ನೆಯಾದರೂ ಹೇಳುತ್ತೇವೆ. ಈ ಅರ್ಜಿಗೆ ಏಜೆಂಟರು ಬೇಕೇ ಬೇಕು ಎಂಬ ನಿಯಮ ಎಲ್ಲೂ ಇಲ್ಲ. ಓದಬಲ್ಲವರು, ಸ್ಕ್ಯಾನ್ ಮಾಡಬಲ್ಲವರು ಸ್ವತಃ ಹಾಕಬಹುದು. ನಮ್ಮ ಕೆಲಸ ಕಾಗದ ಪರೀಕ್ಷಿಸುವುದು, ಪತ್ರ ಬರೆದುಕೊಡುವುದು, ಎಲ್ಲಿ ಎಡವಬಹುದು ಎಂದು ಮೊದಲೇ ಹೇಳುವುದು. "ಒಳಗ ನಮ್ಮ ಮಂದಿ ಅದಾರ, ಮಾಡಿಸಿಕೊಡ್ತೀವಿ" ಎನ್ನುವವರು ಯಾವ ಊರಿನವರೇ ಆಗಿರಲಿ, ಅವರ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ.

ಕಾನೂನು ಹೊಸದಾಗಿದೆ. ಬ್ರಿಟಿಷರ ಕಾಲದ 1920, 1939, 1946ರ ಕಾಯ್ದೆಗಳನ್ನೂ 2000ದ ಇನ್ನೊಂದನ್ನೂ ರದ್ದು ಮಾಡಿ, 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ವೀಸಾ ಅವಧಿ ಮೀರಿ ಉಳಿದವರಿಗೆ 3 ವರ್ಷದವರೆಗೆ ಸೆರೆವಾಸ, ಅಥವಾ 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೆದರಿಸಲು ಇದನ್ನು ಬರೆಯುತ್ತಿಲ್ಲ. "ಇನ್ನೂ ಎಂಟ ದಿನ ಐತಲ್ರಿ, ಆಮೇಲೆ ನೋಡೂಣು" ಎಂದು ಬಂದವರನ್ನು ಇಷ್ಟು ದಿನ ನಾವು ಹೇಗೋ ದಡ ಮುಟ್ಟಿಸಿದೆವು. ಅದು ಜಾಣತನ ಅಲ್ಲ, ಮನೆಯ ಹೆಣ್ಣುಮಗಳನ್ನು ಅಪಾಯದ ಅಂಚಿಗೆ ತಂದು ನಿಲ್ಲಿಸಿದ ಹಾಗೆ. ಮೂರು ತಿಂಗಳ ಮೊದಲೇ ಬನ್ನಿ ಎನ್ನುವುದು ಅದಕ್ಕೆ. ಈಗಾಗಲೇ ಅವಧಿ ಹತ್ತಿರ ಬಂದವರನ್ನು ವಾಪಸು ಕಳಿಸುವುದಿಲ್ಲ, ಅವರು ಈ ಪತ್ರ ಓದಿದ ದಿನವೇ ಬರಬೇಕು.

ಇನ್ನು ಕಾಗದಗಳ ವಿಷಯ. ಹೆಚ್ಚಿನ ತೊಡಕು ಇರುವುದು ಇಲ್ಲಿಯೇ.

ಮೊದಲನೆಯದು ಮದುವೆ ನೋಂದಣಿ. ಮಂಗಲ ಕಾರ್ಯಾಲಯದ ಪಾವತಿ, ಲಗ್ನಪತ್ರಿಕೆ, ಗುಡಿಯ ಚೀಟಿ, ಆಲ್ಬಮ್, ಇವು ಯಾವುವೂ ವಿವಾಹ ಪ್ರಮಾಣಪತ್ರ ಅಲ್ಲ. ಇಬ್ಬರೂ ಹಿಂದೂಗಳಾಗಿದ್ದರೆ ಹಿಂದೂ ವಿವಾಹ ಕಾಯ್ದೆಯಡಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬಹುದು. ಧರ್ಮ ಬೇರೆಯಾಗಿದ್ದರೆ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ನೋಟಿಸು ಕೊಟ್ಟ ಮೇಲೆ 30 ದಿನ ಕಾಯಬೇಕು, ಮೂವರು ಸಾಕ್ಷಿ ಬೇಕು. ನೋಟಿಸಿನ ಆಯುಷ್ಯ ಮೂರು ತಿಂಗಳು, ಅಷ್ಟರಲ್ಲಿ ಮದುವೆ ಆಗದಿದ್ದರೆ ಮತ್ತೆ ಮೊದಲಿನಿಂದ. ಪ್ರವಾಸಿ ವೀಸಾದಲ್ಲಿ ಬಂದು ಮದುವೆಯಾಗುವವರು ಈ ಲೆಕ್ಕ ಹಾಕದೇ ದಿನ ಗೊತ್ತು ಮಾಡಿ ಕೈಕೈ ಹಿಸುಕಿಕೊಂಡಿದ್ದನ್ನು ನೋಡಿದ್ದೇವೆ. ಮದುವೆಯಾದ ಮಾತ್ರಕ್ಕೆ ಪ್ರವಾಸಿ ವೀಸಾ ತಾನಾಗಿ ಬದಲಾಗುವುದಿಲ್ಲ, ಅದನ್ನು ಭಾರತೀಯರ ಸಂಗಾತಿಗೆ ಕೊಡುವ ಎಂಟ್ರಿ ವೀಸಾಗೆ ಬದಲಿಸಿಕೊಡಿ ಎಂದು ಬೇರೆ ಅರ್ಜಿ ಹಾಕಬೇಕು. ಮದುವೆ ಹೊರದೇಶದಲ್ಲಿ ಆಗಿದ್ದರೆ ಅಲ್ಲಿಯ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ (ಕಾಗದ ಅಸಲಿ ಎಂದು ಆ ದೇಶದ ಸರ್ಕಾರ ಹಾಕುವ ಮುದ್ರೆ) ಅಥವಾ ನಮ್ಮ ರಾಯಭಾರ ಕಚೇರಿಯ ದೃಢೀಕರಣ ಮಾಡಿಸಿ, ಇಂಗ್ಲಿಷ್ ಅನುವಾದದೊಂದಿಗೆ ತನ್ನಿ.

ಎರಡನೆಯದು ಹೆಸರು. ನಮ್ಮ ಕಡೆ ಸೊಸೆ ಮನೆ ತುಂಬುವಾಗ ಹೊಸ ಹೆಸರು ಇಡುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಪ್ರೀತಿಯಿಂದ ಇಟ್ಟ ಹೆಸರು, ಬೇಡ ಎನ್ನಲು ನಾವು ಯಾರು. ಆದರೆ ಆ ಹೆಸರು ವಿವಾಹ ಪ್ರಮಾಣಪತ್ರದಲ್ಲಿ ಸೇರಿಬಿಟ್ಟರೆ, ಪಾಸ್‌ಪೋರ್ಟಿನಲ್ಲಿ ಇರುವವಳು ಬೇರೆ, ಮದುವೆಯಾದವಳು ಬೇರೆ ಎಂದಾಗುತ್ತದೆ. ನೋಂದಣಿಯ ದಿನ ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನು ಅಕ್ಷರ ಬಿಡದೇ ಬರೆಸಿ. ಊರಿನ ಹೆಸರಿನದೂ ಇದೇ ಕಥೆ. 2014ರ ನವೆಂಬರ್ 1ಕ್ಕೆ ಮುಂಚಿನ ಕಾಗದಗಳಲ್ಲಿ ಬೆಳಗಾಂ, ಬಿಜಾಪುರ ಎಂದಿರುತ್ತದೆ, ಆಮೇಲಿನವುಗಳಲ್ಲಿ ಬೆಳಗಾವಿ, ವಿಜಯಪುರ. ಎರಡೂ ಒಂದೇ ಊರು ಎಂದು ಒಂದು ಸಾಲನ್ನು ಅರ್ಜಿಯ ಜೊತೆಯ ಪತ್ರದಲ್ಲಿ ಸೇರಿಸುತ್ತೇವೆ.

ಮೂರನೆಯದು ವಾಸದ ಪುರಾವೆ. ಚಿಕ್ಕೋಡಿಯ ಅರ್ಜಿ ನಿಂತಿದ್ದು ಇದರಲ್ಲಿಯೇ. ಹೆಸ್ಕಾಂ ಬಿಲ್ಲು ತೀರಿಹೋದ ಅಜ್ಜನ ಹೆಸರಿನಲ್ಲಿ, ಮನೆಯ ಉತಾರದಲ್ಲಿ ದೊಡ್ಡಪ್ಪನ ಹೆಸರು, ವಾರಸಾ ಇನ್ನೂ ಆಗಿಲ್ಲ, ಕೂಡು ಕುಟುಂಬದಲ್ಲಿ ಯಾರ ಮನೆ ಎಂದು ಕೇಳಿದರೆ "ಎಲ್ಲಾರದೂ" ಎಂಬ ಉತ್ತರ. ಊರವರಿಗೆ ಇದು ಸಹಜ. ಬೆಂಗಳೂರಿನಲ್ಲಿ ಪರದೆಯ ಮುಂದೆ ಕೂತವರಿಗೆ ಗಂಡನ ಹೆಸರಿಗೂ ಮನೆಗೂ ನಂಟು ಕಾಣಬೇಕು. ಹಳ್ಳಿಯವರು ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ಉತಾರ ತೆಗೆಸಿ, ಅದರಲ್ಲಿ ಹೆಸರಿರುವ ಹಿರಿಯರಿಂದ "ನಮ್ಮ ಮಗ ಸೊಸೆ ಇದೇ ಮನೆಯಲ್ಲಿ ಇದ್ದಾರೆ" ಎಂದು ಬರೆಸಿ, ವಂಶಾವಳಿಯನ್ನೂ ಲಗತ್ತಿಸಿ. ಊರಲ್ಲಿ ಓಡಾಡಿ ಇಷ್ಟು ಕೂಡಿಸಲು ಎರಡು ಮೂರು ವಾರ ಬೇಕೇ ಬೇಕು.

ಇವುಗಳ ಜೊತೆ ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ, ಫೋಟೊ, ಭಾರತೀಯ ಸಂಗಾತಿಯ ಪಾಸ್‌ಪೋರ್ಟ್ ಅಥವಾ ಪೌರತ್ವ ತೋರಿಸುವ ಬೇರೆ ದಾಖಲೆ, ಅವರದೇ ಕೋರಿಕೆ ಪತ್ರ. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದವರು ಬಂದ 14 ದಿನದೊಳಗೆ ನೋಂದಣಿ ಮಾಡಿಸಿದ್ದರೆ ಆ ದಾಖಲೆಯೂ ಬೇಕು.

ಅರ್ಜಿ ಹೋದ ಮೇಲೆ ದಂಪತಿ ಒಟ್ಟಿಗೆ ಇದ್ದಾರೆಯೇ ಎಂದು ವಿಚಾರಿಸಲು ಪೊಲೀಸರು ಮನೆಗೆ ಬರಬಹುದು. ಬಾಗಿಲಿಗೆ ಪೊಲೀಸರು ಬಂದರೆ ಓಣಿಯ ಮಂದಿ ಏನಂದಾರು ಎಂದು ಹಿರಿಯರು ಕುಗ್ಗುತ್ತಾರೆ. ಕುಗ್ಗಬೇಡಿ, ಅದು ಪಾಸ್‌ಪೋರ್ಟಿಗೆ ಬರುವ ವಿಚಾರಣೆಯಂಥದ್ದೇ. ಮಾವ, ಅತ್ತೆ, ಮೈದುನ, ಯಾರು ಮನೆಯಲ್ಲಿದ್ದರೂ ಮದುವೆಯ ದಿನಾಂಕ, ಸೊಸೆಯ ದೇಶ, ಪಾಸ್‌ಪೋರ್ಟಿನ ಹೆಸರು ತಿಳಿದಿರಲಿ. ಕೆಲಸಕ್ಕಾಗಿ ಗಂಡ ಪುಣೆಯಲ್ಲಿ, ಹೆಂಡತಿ ಊರಲ್ಲಿ ಇದ್ದರೆ ಅದನ್ನು ಅರ್ಜಿಯಲ್ಲಿಯೇ ಬರೆಯಿರಿ. ಮುಚ್ಚಿಟ್ಟಿದ್ದು ಆಮೇಲೆ ತಿಳಿದರೆ ನಿಜವಾದ ಸಂಸಾರದ ಮೇಲೂ ಸಂಶಯ ಬರುತ್ತದೆ.

ಮಕ್ಕಳಾಗುವ ಮನೆಗಳಿಗೆ ಒಂದು ವಿಷಯ ಒತ್ತಿ ಹೇಳುತ್ತೇನೆ. 2004ರ ಡಿಸೆಂಬರ್ 3ರಿಂದ ಈಚೆಗೆ ಇಲ್ಲಿ ಹುಟ್ಟಿದ ಮಗುವಿಗೆ ಹುಟ್ಟಿನಿಂದ ಪೌರತ್ವ ಸಿಗಬೇಕಾದರೆ ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಲದು. ಮಗು ಹುಟ್ಟುವ ಹೊತ್ತಿಗೆ ಇನ್ನೊಬ್ಬರು ಅಕ್ರಮ ವಲಸಿಗರು ಆಗಿರಬಾರದು. ಸರಿಯಾದ ವೀಸಾದಲ್ಲಿ ಬಂದು ಅವಧಿ ಮೀರಿ ಉಳಿದವರೂ ಪೌರತ್ವ ಕಾಯ್ದೆಯ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ಬಾಣಂತನದ ಗಡಿಬಿಡಿಯಲ್ಲಿ ತಾಯಿಯ ವೀಸಾ ತಾರೀಖು ಮರೆತರೆ ಅದರ ಬಿಸಿ ತೊಟ್ಟಿಲಿನ ಕೂಸಿಗೆ ತಟ್ಟಬಹುದು. ಏಳನೇ ತಿಂಗಳ ಕುಬಸಕ್ಕೆ ದಿನ ನೋಡುವಾಗ ವೀಸಾದ ತಾರೀಖನ್ನೂ ನೋಡಿ.

ಪ್ರತಿ ಸಲ ಈ ಓಡಾಟ ಬೇಡ ಎನ್ನುವವರು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನ ಬಗ್ಗೆ ಕೇಳುತ್ತಾರೆ. ನೋಂದಣಿಯಾದ ಮದುವೆ ಅರ್ಜಿಗೆ ಹಿಂದಿನ ಎರಡು ವರ್ಷ ಸತತವಾಗಿ ನಡೆದಿರಬೇಕು. ಲಗ್ನ ಆಗಿ ಐದು ವರ್ಷವಾಗಿ, ನೋಂದಣಿ ಹೋದ ವರ್ಷ ಮಾಡಿಸಿದವರು ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ಕಾರ್ಡು ಬಂದರೆ ವೀಸಾ ವಿಸ್ತರಣೆಯ ಚಿಂತೆ ಇಲ್ಲ. ಮದುವೆ ಮುರಿದರೆ ಆ ಕಾರ್ಡು ರದ್ದಾಗಬಹುದು. ಹೊಲ ಮನೆ ಇರುವ ನಮ್ಮ ಗ್ರಾಹಕರು ಇನ್ನೊಂದನ್ನು ತಿಳಿದಿರಬೇಕು: ಒಸಿಐ ಇದ್ದವರು ಕೃಷಿ ಜಮೀನು ಕೊಳ್ಳುವಂತಿಲ್ಲ. "ಕಬ್ಬಿನ ಬಿಲ್ ಬಂದೈತಿ, ಸೊಸಿ ಹೆಸರಿಗೆ ಎರಡ ಎಕರೆ ಖರೀದಿ ಮಾಡೂಣು" ಎಂದು ಮುಂಗಡ ಕೊಟ್ಟು ಬರಬೇಡಿ. ಪೌರತ್ವವೇ ಬೇಕೆನ್ನುವವರಿಗೆ ಮದುವೆಯ ಜೊತೆಗೆ ಭಾರತದಲ್ಲಿ ಏಳು ವರ್ಷದ ವಾಸದ ನಿಬಂಧನೆ ಇದೆ. ಅಲ್ಲಿಯವರೆಗೆ ಪ್ರತಿ ವಿಸ್ತರಣೆಯ ಕಾಗದವನ್ನೂ ಒಂದು ಕಡತದಲ್ಲಿ ಕಾಯ್ದಿಡಿ.

ಹಣದ ವಿಷಯ ಚಿಕ್ಕದು. ಇಷ್ಟು ದಿನ ಸರ್ಕಾರದ ಶುಲ್ಕ, ನಮ್ಮ ಮಜೂರಿ ಎರಡನ್ನೂ ಕೂಡಿಸಿ ಒಂದೇ ಮೊತ್ತ ಹೇಳುತ್ತಿದ್ದೆವು. ಇನ್ನು ಸರ್ಕಾರದ ಶುಲ್ಕವನ್ನು ನೀವೇ ನಿಮ್ಮ ಕಾರ್ಡಿನಿಂದ ಕಟ್ಟುತ್ತೀರಿ, ರಸೀದಿ ನಿಮ್ಮ ಇಮೇಲಿಗೆ ಬರುತ್ತದೆ. ನಮ್ಮ ಮಜೂರಿಯ ಪಟ್ಟಿ ಗೋಡೆಗೆ ಹಾಕಿರುತ್ತೇವೆ, ಅರ್ಜಿ ಹೋದ ಮೇಲೆ ಕೊಡಿ. ಕಾಗದ ನೋಡಿ "ಇದನ್ನು ನೀವೇ ಹಾಕಬಹುದು" ಎಂದು ಹೇಳಿ ಕಳಿಸಿದವರಿಂದ ಏನೂ ತೆಗೆದುಕೊಳ್ಳುವುದಿಲ್ಲ.

ಈಗಾಗಲೇ ನಮ್ಮ ಇಮೇಲಿನಿಂದ ಹೋಗಿರುವ ಅರ್ಜಿಗಳನ್ನು ಅವು ತೀರ್ಮಾನವಾಗುವವರೆಗೆ ದಿನಕ್ಕೆ ಎರಡು ಸಲ, ಬೆಳಿಗ್ಗೆ ಕಚೇರಿ ತೆರೆದಾಗ ಮತ್ತು ಸಂಜೆ ಮುಚ್ಚುವಾಗ, ನಾನೇ ನೋಡುತ್ತಿದ್ದೇನೆ. ಏನೇ ಬಂದರೂ ಅದೇ ದಿನ ನಿಮಗೆ ಫೋನ್ ಬರುತ್ತದೆ.

ನಮ್ಮ ಕಪಾಟಿನಲ್ಲಿ ಇನ್ನೂ ಕೆಲವು ಪಾಸ್‌ಪೋರ್ಟ್‌ಗಳಿವೆ. ಯಾವ ಅಧಿಕಾರಿ ಕೇಳಿದರೂ ತೋರಿಸಬೇಕಾದವರು ಅದರಲ್ಲಿ ಹೆಸರಿರುವವರು, ಅದು ಅವರ ಬಳಿಯೇ ಇರಬೇಕು. ದಯವಿಟ್ಟು ಪಾಡ್ಯಕ್ಕೆ ಮೊದಲು ಬಂದು, ಅವರೇ ಸಹಿ ಮಾಡಿ ಒಯ್ಯಿರಿ. ಬಾಣಂತಿಯರು, ಹಾಸಿಗೆ ಹಿಡಿದ ಹಿರಿಯರು ಇರುವ ಮನೆಯವರು ಒಂದು ಫೋನ್ ಮಾಡಿದರೆ ಸಾಕು. ಬಾಗಲಕೋಟೆ, ವಿಜಯಪುರದವರೆಗೂ ನಮ್ಮ ಹುಡುಗ ಖುದ್ದಾಗಿ ತಂದು ಅವರ ಕೈಗೇ ಕೊಡುತ್ತಾನೆ, ಅದಕ್ಕೆ ಹಣ ಕೊಡಬೇಕಿಲ್ಲ.

ನಿಮ್ಮ ವಿಶ್ವಾಸಿ,
ಕಚೇರಿಯ ಮಾಲೀಕ ಮತ್ತು ಸಿಬ್ಬಂದಿ