ಲೀಕ್ ಹುಡುಕದೆ ಎಸಿಗೆ ಗ್ಯಾಸ್ ತುಂಬಿದ ಬಗ್ಗೆ ದೂರು

ಕಲಬುರಗಿ
6 ಮೇ 2025

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಎಸಿ ರಿಪೇರಿಗೆ ಬಿಲ್ ಇಲ್ಲದೆ ಪಡೆದ 3,000 ರೂಪಾಯಿ ಮತ್ತು ಎರಡನೇ ಭೇಟಿಯ 590 ರೂಪಾಯಿ ವಾಪಸ್ ಕೊಡುವ ಕುರಿತು

ಮಾನ್ಯರೇ,

2022ರ ಮಾರ್ಚ್‌ನಲ್ಲಿ ನಿಮ್ಮ ಕಂಪನಿಯ ಒಂದೂವರೆ ಟನ್ ಇನ್ವರ್ಟರ್ ಎಸಿ ಕೊಂಡೆವು. ಮೂರು ಬೇಸಿಗೆ ಒಂದು ದಿನವೂ ತಕರಾರು ಮಾಡಲಿಲ್ಲ. ಎಸಿ ಒಳ್ಳೆಯದೇ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ರಿಪೇರಿ ಮಾಡಲು ನೀವು ಕಳಿಸಿದವರ ಬಗ್ಗೆ, ಆಮೇಲೆ ನಿಮ್ಮ ಕಾಲ್ ಸೆಂಟರ್ ಕೊಟ್ಟ ಉತ್ತರದ ಬಗ್ಗೆ ಈ ಪತ್ರ.

ಈ ವರ್ಷ ಏಪ್ರಿಲ್ ಮೊದಲ ವಾರ ಎಸಿ ತಣ್ಣಗಾಗುವುದು ಕಡಿಮೆಯಾಯಿತು. ನಮ್ಮೂರಿನ ಬಿಸಿಲು ನಿಮಗೆ ಗೊತ್ತಿರಬೇಕು. ಸರ್ಕಾರವೇ ಏಪ್ರಿಲ್, ಮೇನಲ್ಲಿ ಇಲ್ಲಿನ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚಿಸುತ್ತದೆ. ಮನೆಯಲ್ಲಿ 78 ವರ್ಷದ ಅತ್ತೆಯವರಿದ್ದಾರೆ. ಹಾಗಾಗಿ ತಡಮಾಡದೆ ನಿಮ್ಮ ನಂಬರಿಗೇ ಫೋನ್ ಮಾಡಿದೆ. ಹೊರಗಿನವರಿಂದ ಮಾಡಿಸಿದರೆ ವಾರಂಟಿ ಹೋಗುತ್ತದೆ ಎಂದು ನೀವೇ ಹೆದರಿಸಿದ್ದೀರಲ್ಲ. ಕಂಪ್ರೆಸರಿಗೆ 10 ವರ್ಷ ವಾರಂಟಿ ಇದೆ. ಆದರೆ ಕಾರ್ಡಿನ ಹಿಂಭಾಗ ಓದಿದರೆ, ಮೊದಲ ವರ್ಷ ಮುಗಿದ ಮೇಲೆ ಗ್ಯಾಸ್, ಕಾಯಿಲ್ (ಗ್ಯಾಸ್ ಹರಿಯುವ ಪೈಪಿನ ಸುರುಳಿ), ಕೂಲಿ ಯಾವುದೂ ಅದರಲ್ಲಿ ಬರುವುದಿಲ್ಲ. ಕೊಳ್ಳುವಾಗ ಅಂಗಡಿಯಲ್ಲಿ '10 ವರ್ಷ' ಮಾತ್ರ ಕೇಳಿಸುತ್ತದೆ.

ಏಪ್ರಿಲ್ 7ರಂದು ನಿಮ್ಮ ಟೆಕ್ನಿಷಿಯನ್ ಬಂದರು. ಮಾಳಿಗೆ ಹತ್ತಿ, ಹೊರಗಿನ ಯೂನಿಟ್‌ಗೆ ಗ್ಯಾಸಿನ ಒತ್ತಡ ತೋರಿಸುವ ಗೇಜ್ ಹಚ್ಚಿ, ಎರಡೇ ನಿಮಿಷಕ್ಕೆ "ಗ್ಯಾಸ್ ಖಾಲಿ ಆಗ್ಯಾದ್ರಿ ಅಕ್ಕಾರ, ಮೂರು ಸಾವಿರ ಆಗ್ತದ" ಎಂದರು. ಖಾಲಿ ಯಾಕಾಯಿತು ಎಂದು ಕೇಳಿದೆ. "ಮೂರು ವರ್ಷ ಆತಲ್ರಿ, ಗ್ಯಾಸ್ ಸವೀತದ. ಎಲ್ಲಾರ ಮನ್ಯಾಗೂ ಹಿಂಗ" ಎಂದರು. ಸ್ಕೂಟರಿನ ಪೆಟ್ರೋಲ್ ಹಾಗೆ ಇದೂ ಮುಗಿಯುತ್ತದೆ ಅಂದುಕೊಂಡು ಒಪ್ಪಿದೆ. ಸಿಲಿಂಡರ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಗೇಜ್ ನೋಡಿ, ತೆಗೆದರು. ಒಟ್ಟು ಇಪ್ಪತ್ತು ನಿಮಿಷ. ವಿಸಿಟಿಂಗ್ ಚಾರ್ಜ್ 500, ಜಿಎಸ್‌ಟಿ 90, ಹೀಗೆ 590ಕ್ಕೆ ಮೊಬೈಲಿಗೆ ಬಿಲ್ ಬಂತು. ಗ್ಯಾಸಿನ 3,000ವನ್ನು ತಮ್ಮ ಯುಪಿಐಗೆ ಹಾಕಿಸಿಕೊಂಡರು. ಅದರ ಬಿಲ್ ಸಂಜೆ ಬರುತ್ತದೆ ಎಂದರು. ಆ ಸಂಜೆ ಇನ್ನೂ ಬಂದಿಲ್ಲ.

ಎರಡು ವಾರ ತಂಪಾಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಏಪ್ರಿಲ್ 28ರಂದು ನಿಮ್ಮ ಇನ್ನೊಬ್ಬ ಟೆಕ್ನಿಷಿಯನ್ ಬಂದರು. ಮತ್ತೆ 590. ಗೇಜ್ ಹಚ್ಚಿ ನೋಡಿ, ಗ್ಯಾಸ್ ಹೋಗಿದೆ, ಒಳಗಿನ ಕಾಯಿಲ್ ಲೀಕ್ ಆಗಿರಬೇಕು, ಹೊಸದಕ್ಕೆ 12,800 ಆಗುತ್ತದೆ ಎಂದು ಎಸ್ಟಿಮೇಟ್ ಕಳಿಸಿದರು. ಒಳಗಿನ ಯೂನಿಟ್‌ನ ಮುಚ್ಚಳವನ್ನೂ ಅವರು ತೆಗೆದಿರಲಿಲ್ಲ. ಮುಚ್ಚಳ ತೆಗೆಯದೆ ಕಾಯಿಲ್ ಹೋಗಿದೆ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ಅನುಭವ" ಎಂದರು.

ಮೇ 1ರಂದು ನಮ್ಮ ಓಣಿಯಲ್ಲೇ ಫ್ರಿಜ್, ಎಸಿ ರಿಪೇರಿ ಮಾಡುವ ಹಿರಿಯರನ್ನು ಕರೆದೆ. ಅವರು ಗೇಜ್ ಹೊರಗೆ ತೆಗೆಯುವ ಮುಂಚೆ ಹೊರಗಿನ ಯೂನಿಟ್‌ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಾಮ್ರದ ಪೈಪ್ ಸೇರುವ ನಟ್‌ನ ಮೇಲೆ ಬೆರಳಾಡಿಸಿ ನನಗೆ ತೋರಿಸಿದರು. ಬೆರಳಿಗೆ ಕಪ್ಪು ಜಿಡ್ಡು. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುತ್ತದಂತೆ. ಗ್ಯಾಸ್ ಸೋರಿದ ಕಡೆ ಎಣ್ಣೆಯೂ ಜಿನುಗಿ ಅದಕ್ಕೆ ನಮ್ಮೂರಿನ ಧೂಳು ಮೆತ್ತಿಕೊಂಡಿತ್ತು. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದವು. ನಟ್ ಬಿಚ್ಚಿದರೆ ಒಳಗೆ ಪೈಪಿನ ಅಗಲಿಸಿದ ತುದಿ ಸೀಳಿತ್ತು. ನಿಮ್ಮ ಇಬ್ಬರೂ ಗೇಜ್ ಹಚ್ಚಿದ್ದು ಆ ನಟ್‌ನಿಂದ ಒಂದು ಗೇಣು ದೂರದಲ್ಲಿ!

ಅವರು ಸೀಳಿದ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿದರು, ಅಂದರೆ ಪೈಪಿನ ತುದಿಯನ್ನು ಮತ್ತೆ ಅಗಲಿಸಿದರು. ಪೈಪಿಗೆ ನೈಟ್ರೋಜನ್ ತುಂಬಿ ಅರ್ಧ ಗಂಟೆ ಬಿಟ್ಟರು. ಗೇಜಿನ ಮುಳ್ಳು ಅಲುಗಲಿಲ್ಲ, ಅಂದರೆ ಎಲ್ಲೂ ಸೋರುತ್ತಿರಲಿಲ್ಲ. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಳೆದರು. ಕೊನೆಗೆ ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು ಸರಿಯಾಗಿ 850 ಗ್ರಾಂ ಗ್ಯಾಸ್ ಹಾಕಿದರು. ಆ 850 ಎಲ್ಲಿಂದ ಬಂತು ಅಂದರೆ, ಹೊರಗಿನ ಯೂನಿಟ್‌ನ ಪಟ್ಟಿಯ ಮೇಲೆ ನೀವೇ ಬರೆದಿದ್ದೀರಿ: ಆರ್-32, 0.85 ಕೆಜಿ. ಲೀಕ್ ರಿಪೇರಿಗೆ 700, ಗ್ಯಾಸಿಗೆ 1,900, ಒಟ್ಟು 2,600. ಕೆಲಸ ಶುರು ಮಾಡುವ ಮೊದಲೇ ಇದನ್ನು ಚೀಟಿಯ ಮೇಲೆ ಬರೆದು ಕೊಟ್ಟಿದ್ದರು. ಎಸಿ ಈಗ ಮೊದಲಿನ ಹಾಗೆಯೇ ತಣ್ಣಗಾಗುತ್ತಿದೆ. ಅಂದರೆ 12,800ರ ಕಾಯಿಲ್‌ಗೆ ಏನೂ ಆಗಿರಲಿಲ್ಲ.

ಎಸಿಯ ಗ್ಯಾಸ್ ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ, ಸವೆಯುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಇದು ನನಗೆ ಗೊತ್ತಾಗಿದ್ದು ಈ ತಿಂಗಳು. ನಿಮ್ಮ ಟೆಕ್ನಿಷಿಯನ್‌ಗೆ ತರಬೇತಿಯ ಮೊದಲ ದಿನವೇ ಗೊತ್ತಾಗಿರುತ್ತದೆ, ಅಲ್ವಾ? ಸೋರುವ ಕೊಡಕ್ಕೆ ನೀರು ತುಂಬಿ ಮೂರು ಸಾವಿರ ತೆಗೆದುಕೊಂಡು ಹೋದರು. ಅದರಲ್ಲೂ ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹೊತ್ತಿಕೊಳ್ಳುವ ಗ್ಯಾಸ್. ಲೀಕ್ ಹುಡುಕದೆ ಅದನ್ನು ಮೇಲೆ ಮೇಲೆ ತುಂಬುವುದು ಬರೀ ದುಡ್ಡಿನ ಪ್ರಶ್ನೆಯಲ್ಲ.

ಮೂರು ಸಾವಿರಕ್ಕೆ ಎಷ್ಟು ಗ್ರಾಂ ಹಾಕಿದರು? ಯಾರಿಗೂ ಗೊತ್ತಿಲ್ಲ. ಇನ್ವರ್ಟರ್ ಎಸಿಯಲ್ಲಿ ಕಂಪ್ರೆಸರಿನ ವೇಗ ಹೆಚ್ಚು ಕಡಿಮೆ ಆಗುತ್ತಿರುತ್ತದೆ, ಅದಕ್ಕೆ ತಕ್ಕಂತೆ ಗೇಜ್ ಕೂಡ. ಅದನ್ನೊಂದೇ ನೋಡಿ ಅಳತೆ ಸಿಗುವುದಿಲ್ಲ, ತೂಕವೇ ಮಾಡಬೇಕು. ನಮ್ಮ ಬೀದಿಗೆ ತಳ್ಳುಗಾಡಿ ತರುವವರು ಕೂಡ ತಕ್ಕಡಿ ಇಲ್ಲದೆ ಕಾಲು ಕೆಜಿ ಬದನೆಕಾಯಿ ಕೊಡುವುದಿಲ್ಲ.

ಮೇ 2ರಂದು ನಿಮ್ಮ ಕಾಲ್ ಸೆಂಟರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು: "ಮೇಡಂ, ನಮ್ಮ ಸಿಸ್ಟಮ್‌ನಲ್ಲಿ ಏಪ್ರಿಲ್ 7ಕ್ಕೆ ಗ್ಯಾಸ್ ಹಾಕಿದ ದಾಖಲೆಯೇ ಇಲ್ಲ, ಚೆಕಿಂಗ್ ಮಾತ್ರ ಇದೆ." ದಾಖಲೆ ಇಲ್ಲದಿರುವುದು ನನ್ನ ತಪ್ಪಾ? ನಿಮ್ಮ ಅಂಗಿ ತೊಟ್ಟು, ನಿಮ್ಮ ಗುರುತಿನ ಚೀಟಿ ಹಾಕಿಕೊಂಡು, ನಿಮ್ಮ ಕಂಪ್ಲೇಂಟ್ ನಂಬರ್ ಹಿಡಿದು ಬಂದವರು ಅವರು. ಅದೇ ಫೋನಿನಲ್ಲಿ 3,500ಕ್ಕೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ತಗೊಳ್ಳಿ ಎಂದೂ ಹೇಳಿದರು. ಅದರಲ್ಲಿ ಗ್ಯಾಸ್, ಕಾಯಿಲ್ ಸೇರುತ್ತವಾ ಎಂದು ಕೇಳಿದೆ. ಇಲ್ಲವಂತೆ, ವರ್ಷಕ್ಕೆ ಎರಡು ಬಾರಿ ತೊಳೆದು ಕೊಡುವುದಂತೆ. ಫಿಲ್ಟರನ್ನು ನಾನೇ ಎರಡು ವಾರಕ್ಕೊಮ್ಮೆ ನಲ್ಲಿಯ ಕೆಳಗೆ ತೊಳೆಯುತ್ತೇನೆ, ಬೇಡ ಎಂದೆ.

ಈಗ ಲೆಕ್ಕಕ್ಕೆ ಬರೋಣ. ಮೊದಲ ಭೇಟಿಯ 590 ನಾನು ಕೇಳುತ್ತಿಲ್ಲ. ಬಿಸಿಲಲ್ಲಿ ಬಂದು ಮಾಳಿಗೆ ಹತ್ತಿದ್ದಾರೆ, ಅದು ಅವರಿಗೆ ಸಲ್ಲಬೇಕು. ಬಿಲ್ ಇಲ್ಲದ 3,000, ಮತ್ತು ಅದೇ ತೊಂದರೆಗೆ 21 ದಿನದಲ್ಲಿ ಎರಡನೇ ಸಲ ಪಡೆದ 590, ಒಟ್ಟು 3,590 ವಾಪಸ್ ಬರಬೇಕು. ಕೆಲಸ ಮಾಡಿ ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಹಾಗೆಯೇ ಟೆಕ್ನಿಷಿಯನ್ ಮನೆಗೆ ಬರುವ ಮೊದಲೇ ದರಪಟ್ಟಿ ಮೊಬೈಲಿಗೆ ಬರಲಿ. ಗ್ಯಾಸ್ ಹಾಕಿದರೆ ಯಾವ ಗ್ಯಾಸ್, ಎಷ್ಟು ಗ್ರಾಂ, ಲೀಕ್ ಎಲ್ಲಿತ್ತು ಎಂದು ಬಿಲ್ಲಿನಲ್ಲಿ ಬರೆಯಲಿ. ಇಷ್ಟು ಮಾಡಲು ನಿಮಗೆ ಖರ್ಚೇನೂ ಇಲ್ಲ.

15 ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಾವು ಕೊಟ್ಟ ಹಣ 5 ಲಕ್ಷ ದಾಟದಿದ್ದರೆ ಅಲ್ಲಿ ಶುಲ್ಕವೂ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ಬೇಸಿಗೆಯಲ್ಲಿ ನಮ್ಮ ಕಚೇರಿ 1:30ಕ್ಕೆ ಮುಗಿಯುವುದರಿಂದ ನನಗೆ ಸಮಯವೂ ಇದೆ.

590ರ ಎರಡು ಬಿಲ್, ಯುಪಿಐ ರಸೀದಿ, 12,800ರ ಎಸ್ಟಿಮೇಟ್, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ, ಜಿಡ್ಡು ಹತ್ತಿದ ನಟ್‌ನ ಫೋಟೊ ಇದರ ಜೊತೆ ಲಗತ್ತಿಸಿದ್ದೇನೆ. ಸೀಳಿದ ತಾಮ್ರದ ತುಂಡನ್ನು ಹಳೆಯ ಪೇಪರಿನಲ್ಲಿ ಸುತ್ತಿ ಇಟ್ಟಿದ್ದೇನೆ. ನಿಮ್ಮ ಎಂಜಿನಿಯರ್ ಬಂದು ನೋಡುವುದಾದರೆ ಮಧ್ಯಾಹ್ನ 2ರ ಮೇಲೆ ಬರಲಿ, ಬರುವ ಮುಂಚೆ ಫೋನ್ ಮಾಡಲಿ. ಆ ಭೇಟಿಗೆ 590 ಕೊಡುವುದಿಲ್ಲ.

ಇತಿ,
ನಿಮ್ಮ ಗ್ರಾಹಕಿ