ಹೊಗೆ ಇಲ್ಲ ಅಂದಮಾತ್ರಕ್ಕೆ

ಚಿ. ಸುಹಾಸನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

"ಸಿಗರೇಟು ಬಿಟ್ಟೆ ದೊಡ್ಡಪ್ಪ, ಈಗ ಬರೀ ತಂಬಾಕು ಹಾಕ್ಕೊಳ್ತೀನಿ, ಹೊಗೆ ಇಲ್ವಲ್ಲ" ಅಂದೆ ಮೊನ್ನೆ ಫೋನಿನಲ್ಲಿ. ಸಿಗರೇಟು ಬಿಟ್ಟಿದ್ದಕ್ಕೆ ಭೇಷ್. ಮಿಕ್ಕಿದ್ದಕ್ಕೆ ನನ್ನ ಒಪ್ಪಿಗೆ ಇಲ್ಲ. ಎದುರಿಗೆ ಹೇಳಿದರೆ ವಾದಕ್ಕೆ ನಿಲ್ಲುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಹೊಗೆ ಇಲ್ಲದಿದ್ದರೆ ಶ್ವಾಸಕೋಶಕ್ಕೆ ಪೆಟ್ಟು ಕಡಿಮೆ, ನಿಜ. ಆದರೆ ಎಲೆಯನ್ನು ಒಣಗಿಸಿ ಹದ ಮಾಡುವಾಗಲೇ ಅದರಲ್ಲಿ ನೈಟ್ರೋಸಮೈನ್ ಎಂಬ ವಿಷವಸ್ತುಗಳು ಹುಟ್ಟಿಕೊಳ್ಳುತ್ತವೆ. ಬೆಂಕಿಯೇ ಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆರಹಿತ ತಂಬಾಕನ್ನು ಮೊದಲನೇ ಗುಂಪಿಗೆ ಸೇರಿಸಿದೆ. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಸಾಬೀತಾದ ವಸ್ತುಗಳ ಗುಂಪು. ಬಾಯಿ, ಅನ್ನನಾಳ, ಮೇದೋಜೀರಕ ಗ್ರಂಥಿ, ಈ ಮೂರು ಕಡೆಯೂ. ಉಗುಳಿಬಿಡ್ತೀನಲ್ಲ ಅನ್ನಬೇಡ. ಒಂದಿಷ್ಟು ರಸ ಗಂಟಲಿಗೆ ಇಳಿದೇ ಇಳಿಯುತ್ತದೆ.

ಬೇಕೆಂದಾಗ ಬಿಡ್ತೀನಿ ಅಂತಲೂ ಅಂದೆ. ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಚಿಟಿಕೆ ಬೇಕಾಗುತ್ತದೆ? ಅರ್ಧ ಗಂಟೆಯೊಳಗೆ ಅಂದರೆ ಚಟ ಗಟ್ಟಿಯಾಗಿ ಕೂತಿದೆ ಅಂತ ಲೆಕ್ಕ. ಉಗುಳದೆ ರಸ ನುಂಗುತ್ತಿದ್ದರೆ ಇನ್ನೂ ಜಾಸ್ತಿ. ಡಾಕ್ಟರುಗಳು ಕೇಳುವುದೂ ಇದನ್ನೇ. ಸಿಗರೇಟಿನ ನಿಕೋಟಿನ್ ದಿಢೀರನೆ ಏರುತ್ತದೆ. ಬಾಯಲ್ಲಿಟ್ಟಿದ್ದು ನಿಧಾನವಾಗಿ ಏರಿ, ಉಗುಳಿದ ಮೇಲೂ ತುಂಬಾ ಹೊತ್ತು ರಕ್ತದಲ್ಲೇ ಇರುತ್ತದೆ. ಸುಣ್ಣವೋ ಇನ್ಯಾವುದೋ ಕ್ಷಾರವೋ ಬೆರೆತಿದ್ದರೆ ಒಳಗೆ ಸೇರುವುದು ಇನ್ನೂ ಸುಲಭ. ತಯಾರಿಸುವವರಿಗೆ ಇದು ಗೊತ್ತಿಲ್ಲ ಅಂದುಕೊಂಡೆಯಾ? ಕೆಲವು ಕಾಲ ಹೀಗೇ ನಡೆದರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ. ಆಮೇಲೆ ಹಾಕಿಕೊಳ್ಳುವುದು ಖುಷಿಗಲ್ಲ, ಹಾಕಿಕೊಳ್ಳದಿದ್ದಾಗಿನ ಕಿರಿಕಿರಿ ತಪ್ಪಿಸಿಕೊಳ್ಳಲು. ಟೆನ್ಷನ್ ಇಳಿಯುತ್ತೆ ಅಂತೀಯಲ್ಲ, ಆ ಟೆನ್ಷನ್ನಿನಲ್ಲಿ ಒಂದು ಪಾಲು ಅದೇ ತಂದಿಟ್ಟಿದ್ದು.

ಈಗ ಒಂದು ಕೆಲಸ ಮಾಡು. ಕನ್ನಡಿ ಮುಂದೆ ನಿಂತು, ಮೊಬೈಲಿನ ಟಾರ್ಚ್ ಹಾಕಿ, ತಂಬಾಕು ಇಡುವ ಕಡೆಯ ಕೆಳತುಟಿಯನ್ನು ಹೊರಕ್ಕೆ ಮಡಿಸಿ ನೋಡು. ಒಳಚರ್ಮ ಬೆಳ್ಳಗೆ, ಸುಕ್ಕುಸುಕ್ಕಾಗಿ ಇದೆಯಾ? ಹಲ್ಲಿನ ಬುಡ ಕಾಣುವಷ್ಟು ಒಸಡು ಇಳಿದಿದೆಯಾ? ಉಜ್ಜಿದರೂ ಹೋಗದ ಬಿಳಿ ಮಚ್ಚೆಗೆ ಲ್ಯುಕೋಪ್ಲೇಕಿಯಾ ಅನ್ನುತ್ತಾರೆ. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಕೆಲವು ಆಗುತ್ತವೆ. ಯಾವುದು ಅಂತ ನೋಡಿ ಹೇಳುವುದು ನಿನ್ನಿಂದಲೂ ಆಗದು, ನನ್ನಿಂದಲೂ ಆಗದು. ಚಟ ಬಿಟ್ಟರೆ ಇಂಥ ಮಚ್ಚೆಗಳಲ್ಲಿ ಬಹಳಷ್ಟು ಕೆಲವೇ ವಾರಗಳಲ್ಲಿ ಹೋಗುತ್ತವೆ. ಇಳಿದ ಒಸಡು ಮಾತ್ರ ತಾನಾಗಿ ಮೇಲೆ ಬರುವುದಿಲ್ಲ.

ನಿನಗೆ ಆಟದ ಹುಚ್ಚು, ಅದಕ್ಕೇ ಈ ಹೆಸರು: ಅಮೆರಿಕದ ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್. ವರ್ಷಗಟ್ಟಲೆ ತಂಬಾಕು ಇಟ್ಟುಕೊಳ್ಳುತ್ತಿದ್ದ ಬದಿಯಲ್ಲೇ ಜೊಲ್ಲುಗ್ರಂಥಿಯ ಕ್ಯಾನ್ಸರ್ ಆಯಿತು. 2014ರಲ್ಲಿ, 54ನೇ ವಯಸ್ಸಿಗೆ ತೀರಿಕೊಂಡರು. ತಂಬಾಕೇ ಕಾರಣ ಎಂದು ಅವರೇ ನಂಬಿದ್ದರು. ಜೊಲ್ಲುಗ್ರಂಥಿಯ ವಿಷಯದಲ್ಲಿ ಈ ನಂಟು ಬಾಯಿ ಕ್ಯಾನ್ಸರಿನಷ್ಟು ಸಾಬೀತಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀನೇ ಹುಡುಕಿ ತೆಗೆದು ನನ್ನ ಮುಂದೆ ಹಿಡಿಯುತ್ತೀಯ! 2016ರ ಕೊನೆಗೆ ಅಲ್ಲಿನ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್, ಹೊಸದಾಗಿ ಬರುವ ಆಟಗಾರರು ಇದನ್ನು ಬಳಸುವ ಹಾಗಿಲ್ಲ ಅಂತ ನಿಯಮ ಮಾಡಿತು.

ಬಿಡುವಾಗ ಮೊದಲ ಎರಡು ಮೂರು ದಿನ ಕಷ್ಟ. ಸಿಟ್ಟು, ನಿದ್ದೆಗೇಡು, ಸುಮ್‌ಸುಮ್ನೆ ಹಸಿವು. ಕೆಲವು ವಾರಗಳಲ್ಲಿ ಹಗುರವಾಗುತ್ತದೆ. ಬೇಕೇಬೇಕು ಅನ್ನುವ ತುಡಿತ ಒಂದೊಂದು ಸಲಕ್ಕೆ ಕೆಲವು ನಿಮಿಷ, ಅಷ್ಟು ಹೊತ್ತು ಎದ್ದು ಓಡಾಡು. ನಿಕೋಟಿನ್ ಗಮ್ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳು. ಅದನ್ನು ಮಾಮೂಲಿ ಗಮ್ಮಿನ ಹಾಗೆ ಒಂದೇ ಸಮನೆ ಜಗಿಯಬಾರದು. ನಾಲ್ಕು ಸಲ ಜಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಈ ಸಂಗತಿ ಗೊತ್ತಿಲ್ಲದೆ ಬಿಕ್ಕಳಿಕೆ ಬರಿಸಿಕೊಂಡು, ಇದು ಆಗಲ್ಲ ಅಂತ ಕೈಬಿಟ್ಟವರು ಎಷ್ಟೋ ಜನ. ಪೂರ್ತಿ ಬಿಡುವವರೆಗೆ ಆ ತಂಬಾಕಿನ ಡಬ್ಬಿಯನ್ನು ಪುಟ್ಟಿಯ ಕೈಗೆ ಸಿಗುವ ಕಡೆ ಇಡಬೇಡ. ಅಷ್ಟು ಚಿಕ್ಕ ಮಗು ಸ್ವಲ್ಪ ನುಂಗಿದರೂ ವಿಷ.

ಹಲ್ಲಿನ ಡಾಕ್ಟರಿಗೆ ಈ ವಾರವೇ ಬಾಯಿ ತೋರಿಸು. ನಿಮ್ಮಮ್ಮನಿಗೆ ನಾನೇನೂ ಹೇಳಿಲ್ಲ, ಹೇಳುವುದು ನಿನಗೆ ಬಿಟ್ಟಿದ್ದು. ಬಿಟ್ಟ ಮೊದಲ ರಾತ್ರಿಗಳಲ್ಲಿ ನಿದ್ದೆ ಬರದಿದ್ದರೆ ಎಷ್ಟು ಹೊತ್ತಾದರೂ ಫೋನ್ ಮಾಡು. ಈ ವಯಸ್ಸಿನಲ್ಲಿ ನನಗೂ ಬೇಗ ನಿದ್ದೆ ಹತ್ತುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ