ಆಜ್ಞೆಗಳನ್ನು ಇದ್ದಂತೆಯೇ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಪೆರ್ಲದ ಬಳಿಯ ನಮ್ಮ ಮನೆಗೆ ಶನಿವಾರ ಶನಿವಾರ ಕನ್ನಡ ಮಾಧ್ಯಮದ ಏಳೆಂಟು ಮಕ್ಕಳು ಬರುತ್ತಾರೆ. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿರುವುದು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ. ನನ್ನ ಹಳೆಯ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಸಿದ್ದೇನೆ. ಊರಿನ ಬಯಲು, ಮಜಲು, ಪದವುಗಳ ಹೆಸರುಗಳನ್ನು ಮಕ್ಕಳು ಟರ್ಮಿನಲ್, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯ ಮೂಲಕ ಕಡತಕ್ಕೆ ಬರೆಯುತ್ತಾರೆ.

ಈಚೆಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕನ್ನಡದ ಕೈಪಿಡಿಯೊಂದನ್ನು ತಂದಳು. ಅದರಲ್ಲಿದ್ದ, ಕೊಟ್ಟ ಪಠ್ಯವನ್ನು ಹಾಗೆಯೇ ಹೊರಹಾಕುವ ‘ಎಕೋ’ ಆಜ್ಞೆಯನ್ನು ಒಂದಕ್ಷರ ಬಿಡದೆ ಟೈಪ್ ಮಾಡಿದಳು. ಕೊನೆಯ ಉದ್ಧರಣ ಚಿಹ್ನೆ ಅಚ್ಚಿನಲ್ಲೇ ಬಿಟ್ಟುಹೋಗಿತ್ತು. ಎಂಟರ್ ಒತ್ತಿದರೆ ಕೆಳಗಿನ ಸಾಲಿನಲ್ಲಿ ಬರೀ ಒಂದು >. ಮತ್ತೆ ಒತ್ತಿದರೆ ಮತ್ತೊಂದು. “ಹಾಳಾಯಿತಾ ಟೀಚರೇ?” ಎಂದು ಕೈ ಹಿಂದಕ್ಕೆ ತೆಗೆದಳು. ಹಾಳಾಗಿರಲಿಲ್ಲ, ತೆರೆದ ಚಿಹ್ನೆ ಮುಚ್ಚಲಿ ಎಂದು ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಕಾಯುತ್ತಿತ್ತು. ಕಂಟ್ರೋಲ್ ಮತ್ತು ಸಿ ಒತ್ತಿ ಹೊರಬಂದೆವು.

ಮುಂದಿನ ಪುಟದಲ್ಲಿ ‘ತರಗತಿ 8’ ಎಂದು ಬರೆಯುವ ಆಜ್ಞೆ. ಉದ್ಧರಣ ಚಿಹ್ನೆಯಿಲ್ಲ, 8ಕ್ಕೆ ಫಲಿತಾಂಶವನ್ನು ಕಡತಕ್ಕೆ ಕಳಿಸುವ ಗುರುತು > ಅಂಟಿಕೊಂಡಿದೆ. ಹಾಗೆ ಕೊಟ್ಟರೆ ‘ತರಗತಿ’ ಪರದೆಯ ಮೇಲೆ ಬರುತ್ತದೆ, ಕಡತ ಖಾಲಿ ಉಳಿಯುತ್ತದೆ. ಗುರುತಿಗೆ ಅಂಟಿದ ಅಂಕಿಯನ್ನು ಶೆಲ್ ಪಠ್ಯವೆಂದು ಎಣಿಸುವುದಿಲ್ಲ, ಯಾವ ದಾರಿಯನ್ನು ಕಡತದತ್ತ ತಿರುಗಿಸಬೇಕೆಂಬ ಸಂಖ್ಯೆಯೆಂದು ತಿಳಿಯುತ್ತದೆ. ಸಾಮಾನ್ಯ ಫಲಿತಾಂಶದ ದಾರಿ 1, ದೋಷ ಸಂದೇಶದ್ದು 2. ಪಠ್ಯವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟಿದ್ದರೆ ಸಾಕಿತ್ತು.

ನನಗೆ ನಿಜವಾಗಿ ಸಿಟ್ಟು ಬಂದದ್ದು ಮೂರನೆಯ ತಪ್ಪಿಗೆ. ‘ಕಡತಕ್ಕೆ ಇನ್ನೊಂದು ಸಾಲು ಸೇರಿಸಿ’ ಎಂಬಲ್ಲಿ >> ಇರಬೇಕಿತ್ತು. ಅಚ್ಚಾದದ್ದು ಒಂದೇ >. ಒಂದಿದ್ದರೆ ಮೊದಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಬರೆಯುತ್ತದೆ, ಕೇಳುವುದೂ ಇಲ್ಲ. ಆ ಹುಡುಗಿ ಅಜ್ಜಿಯ ಪಕ್ಕ ಕುಳಿತು ಕೇಳಿ ತುಂಬಿಸಿದ್ದ 43 ಹೆಸರುಗಳು ಹೋದವು. ಉಳಿದದ್ದು ಕೊನೆಗೆ ಟೈಪ್ ಮಾಡಿದ ಒಂದು ಮಜಲಿನ ಹೆಸರು. ಅವಳು ಅಳಲಿಲ್ಲ, ಕೈಪಿಡಿಯನ್ನು ಮತ್ತೊಮ್ಮೆ ಓದಿ ತಾನೇ ತಪ್ಪಿದೆನೇನೋ ಎಂದು ಹುಡುಕುತ್ತಿದ್ದಳು.

ಡಿಟಿಪಿಯಲ್ಲಿ ನೆಟ್ಟಗಿನ ಉದ್ಧರಣ ಚಿಹ್ನೆಗಳು ತಾವಾಗಿಯೇ ಬಾಗುವುದೂ ಉಂಟು. ಶೆಲ್‌ಗೆ ಬಾಗಿದ ಚಿಹ್ನೆ ಇತರ ಅಕ್ಷರಗಳ ಹಾಗೆಯೇ. ಪಿಡಿಎಫ್‌ನಿಂದ ನಕಲು ಮಾಡಿದರೆ ಅದೂ ಕಡತದೊಳಗೆ ಸೇರುತ್ತದೆ.

ಕೈಪಿಡಿ ತಯಾರಿಸುವವರು ಕರಡು ತಿದ್ದುವಾಗ ಪ್ರತಿ ಆಜ್ಞೆಯನ್ನೂ ಅಚ್ಚಿನ ಪುಟ ನೋಡಿಯೇ ಟೈಪ್ ಮಾಡಿ, ಕಡತ ತೆರೆದು ನೋಡಲಿ. ಕನ್ನಡದಲ್ಲಿ ಕಂಪ್ಯೂಟರ್ ಕಲಿಯಲು ನಮ್ಮ ಮಕ್ಕಳಿಗೆ ಸಿಗುವ ಪುಟಗಳೇ ಕಡಿಮೆ. ತಮ್ಮ ವಿದ್ಯಾರ್ಥಿ ಪುಟದಲ್ಲೂ ಆಜ್ಞೆಗಳನ್ನು ಬೇರೆ ಅಕ್ಷರವಿನ್ಯಾಸದಲ್ಲಿ, ನೆಟ್ಟಗಿನ ಚಿಹ್ನೆಗಳೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಗಣಿತ ಶಿಕ್ಷಕಿ, ಪೆರ್ಲ, ಕಾಸರಗೋಡು ಜಿಲ್ಲೆ